ಲಕ್ಷ್ಮಪ್ಪನ ಸೀಡಿಗೆ ರಂಗವ್ವನ ಘಡಿ

ಇಳಕಲ್ಲಿನ ಬಜಾರದಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ಅದರ ಪಕ್ಕದಲ್ಲಿ ಸೀರೆ ಅಂಗಡಿ. ಆ ಅಂಗಡಿಯಲ್ಲಿ ಮಾಲೀಕರ ದನಿಗಿಂತ ದೊಡ್ಡ ದನಿ ಒಂದಿದ್ದರೆ ಅದು ರಂಗವ್ವನದು. ಗುಡೂರಿನಿಂದ ದಿನಾ ಬೆಳಿಗ್ಗೆ ಬಸ್ಸಿನಲ್ಲಿ ಬರುತ್ತಾಳೆ. ಬಸ್ಸು ತಡವಾದರೆ ಡ್ರೈವರನಿಗೆ ಬುದ್ಧಿ ಹೇಳಿ ಬರುತ್ತಾಳೆ.

ಅವಳ ಕೆಲಸ ಘಡಿ ಹಾಕುವುದು. ಗಿರಾಕಿಗಳು ಬಂದು ಗುಡ್ಡೆ ಸೀರೆ ಬಿಚ್ಚಿಸಿ, ಒಂದಕ್ಕೆ ಅಂಚು ಸರಿಯಿಲ್ಲ, ಇನ್ನೊಂದಕ್ಕೆ ಬಣ್ಣ ಸರಿಯಿಲ್ಲ ಎಂದು ಮೂಗು ಮುರಿದು, ಕೊನೆಗೆ ಮೊದಲು ನೋಡಿದ್ದನ್ನೇ ಕೊಂಡು ಹೋಗುತ್ತಾರೆ. ಉಳಿದವನ್ನೆಲ್ಲ ಮತ್ತೆ ಮಡಚಿ, ಯಾರೂ ಮುಟ್ಟಿಯೇ ಇಲ್ಲವೇನೋ ಎನ್ನುವಂತೆ ಕಪಾಟಿಗೆ ಸೇರಿಸುವವಳು ರಂಗವ್ವ. ಮಡಿಕೆಯ ಮೇಲೆ ಸ್ಟೀಲಿನ ಲೋಟದ ಬುಡ ಉಜ್ಜಿ ಗೆರೆ ತೀಡುತ್ತಾಳೆ. ಅವಳ ಮಟ್ಟಿಗೆ ಜಗತ್ತಿನಲ್ಲಿ ಎರಡೇ ಜಾತಿಯ ಜನ, ಘಡಿ ಬರುವವರು ಮತ್ತು ಬರದವರು. ನಾನು ಎರಡನೆಯ ಜಾತಿ ಎಂದು ಮೊದಲ ವಾರವೇ ತೀರ್ಮಾನವಾಗಿತ್ತು.

ಅವಳ ಗಂಡ ಲಕ್ಷ್ಮಪ್ಪ ಗುಡೂರಿನ ಬೀರಪ್ಪನ ಗುಡಿಯ ಡೊಳ್ಳಿನ ಮೇಳದಲ್ಲಿ ಮುಂದಾಳು ಹಾಡುಗಾರನಾಗಿದ್ದ. ತೀರಿಕೊಂಡು ನಾಲ್ಕು ವರ್ಷವಾಯಿತು. ಅವನ ಹೆಸರು ಬಂದಾಗ ರಂಗವ್ವ ಅಳುವುದನ್ನು ನಾನು ನೋಡಿಲ್ಲ. "ಹಾಡೂದ ಛಲೋ ಹಾಡತಿದ್ದ, ಆದ್ರ ಮರಗುಳಿ. ಕುರಿ ಎಲ್ಲಿ ಬಿಟ್ಟೇನಿ ಅನ್ನೂದೂ ಮರಿತಿದ್ದ" ಎಂದು ಬೈಯುತ್ತಾಳೆ. ಆ ಬೈಗುಳದಲ್ಲಿ ಎಷ್ಟು ಪ್ರೀತಿ ಇದೆ ಎಂದು ಕೇಳಿದವರಿಗೆ ಗೊತ್ತಾಗುತ್ತದೆ.

ಒಂದು ಬೆಳಿಗ್ಗೆ ಅವಳು ಸೀರೆ ಅಂಗಡಿಗೆ ಹೋಗದೆ ನೇರ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಕರಿ ಕಂಬಳಿಯ ಒಂದು ಗಂಟು.

"ನರ್ಗೀಸವ್ವ, ನಿನ್ನ ಕಂಪ್ಯೂಟರಿನ್ಯಾಗ ಸೀಡಿ ಹಾಕೂ ಬಾಯಿ ಐತಿಲ್ಲೋ?"

"ಐತಿ ಆಯಿ. ಇಡೀ ಬಜಾರದಾಗ ನನ್ನದೊಂದೇ ಉಳದೈತಿ."

"ಹಂಗಾರ ಇದನ್ನ ಹಚ್ಚು" ಎಂದು ಗಂಟು ಬಿಚ್ಚಿದಳು.

ಒಳಗಿದ್ದದ್ದು ಸೀಡಿ ಎಂದು ನನಗೆ ಮೊದಲು ತಿಳಿಯಲಿಲ್ಲ. ಹಳದಿ ಬಿಲ್ಲೆ. ಮೇಲೂ ಕೆಳಗೂ ಅರಿಶಿನ ಹತ್ತಿಕೊಂಡು, ದೀಪದ ಎಣ್ಣೆ ತಾಗಿ, ಒಣಗಿ ಪದರು ಪದರಾಗಿತ್ತು. ಅದರ ಮೇಲೆ ಕಂಬಳಿಯ ಎಳೆ ಬೇರೆ.

"ಆಯಿ, ಇದೇನ್ ಮಾಡೀದಿ?"

"ಏನ್ ಮಾಡೇನಿ? ನನ್ನ ಗಂಡನ ದನಿ ಐತಿ ಅದರಾಗ. ಪ್ಯಾಟಿಯಿಂದ ಒಬ್ಬಾವ ಬಂದು ವಿಡಿಯೋ ಹಿಡದು ಕೊಟ್ಟಿದ್ದ. ದೇವರ ಜಗಲಿ ಮ್ಯಾಲ ಕಂಬಳಿ ಹಾಸಿ ಇಟ್ಟೇನಿ. ಅಮಾಸಿ ಅಮಾಸಿಗಿ ಭಂಡಾರ ಹಚ್ಚೇನಿ. ನಿಮ್ಮಂಗ ಕಸದ ಡಬ್ಬ್ಯಾಗ ಒಗದಿಲ್ಲ."

ನನಗೆ ನಗು ಬಂತು, ಸಿಟ್ಟೂ ಬಂತು. ಬೀರಪ್ಪನ ಒಕ್ಕಲಿನವರಿಗೆ ಕಂಬಳಿಗಿಂತ ಪವಿತ್ರವಾದ ಹಾಸಿಗೆಯಿಲ್ಲ, ಭಂಡಾರವೆಂದು ಕರೆಯುವ ಅರಿಶಿನದ ಪುಡಿಗಿಂತ ದೊಡ್ಡ ಪ್ರಸಾದವಿಲ್ಲ. ಅವಳು ತನಗೆ ಗೊತ್ತಿದ್ದ ಅತಿ ದೊಡ್ಡ ಮರ್ಯಾದೆಯನ್ನೇ ಸೀಡಿಗೆ ಮಾಡಿದ್ದಳು. ಸೀಡಿ ಮಾತ್ರ ಅದನ್ನು ತಡೆದುಕೊಂಡಿರಲಿಲ್ಲ. ಉಣ್ಣೆಯ ಒರಟಿಗೆ ಅದರ ಮೈಯೆಲ್ಲ ಗೀರು ಬಿದ್ದಿತ್ತು.

"ಇಷ್ಟ ವರ್ಷದಾಗ ಒಮ್ಮೆಯಾದ್ರೂ ಹಚ್ಚಿ ನೋಡೀದಿ?"

"ನೋಡೂದೇನೈತಿ? ಅವ ಹಾಡುಮುಂದ ನಾ ಮನ್ಯಾಗ ಇದ್ದೆ."

ಈಗ ಯಾಕೆ ಬೇಕಾಯಿತು ಎಂದು ಕೇಳಿದೆ. ಕುರ್ಚಿ ಎಳೆದುಕೊಂಡು ಕೂತು ಹೇಳಿದಳು. ಲಕ್ಷ್ಮಪ್ಪನ ನಂತರ ಮೇಳ ನಡೆಸುತ್ತಿರುವವನು ಅವನ ತಮ್ಮನ ಮಗ ಮಾಳಿಂಗರಾಯ. ಟಂಟಂ ಆಟೋ ಓಡಿಸುತ್ತಾನೆ, ಚಲೋ ಹುಡುಗ, ಡೊಳ್ಳಿನ ಕೈ ಗಟ್ಟಿ. ಆದರೆ ಬೀರಪ್ಪನ ಪದದಲ್ಲಿ ತಮ್ಮನನ್ನು ಸಾಕಿದ ಅಕ್ಕನ ಭಾಗವನ್ನೇ ಅವನ ಮೇಳ ಹಾಡುವುದಿಲ್ಲ. ಬೀರಪ್ಪ ಹುಟ್ಟುತ್ತಾನೆ, ಮರುಗಳಿಗೆಗೆ ದೊಡ್ಡವನಾಗಿ ಕುರಿ ಕಾಯುತ್ತಾನೆ. ಹೋದ ಅಮವಾಸ್ಯೆಗೆ ರಂಗವ್ವ ಗುಡಿಯ ಕಟ್ಟೆಯ ಮೇಲೆ ಕೂತು, "ನಡುವ ಸಾಕಿದಾಕಿ ಎಲ್ಲಿ ಹೋದಳಲೇ?" ಎಂದು ಎಲ್ಲರೆದುರು ಕೇಳಿದಳಂತೆ. ತಾನೇ ಹಾಡಿಯೂ ತೋರಿಸಿದಳಂತೆ.

ಮಾಳಿಂಗರಾಯ, "ದೊಡ್ಡವ್ವ, ಅದು ಹೆಣಮಕ್ಕಳ ಬೀಸೂ ಪದ. ಡೊಳ್ಳಿನ ಪದ ಅಲ್ಲ. ದೊಡ್ಡಪ್ಪ ಹಾಡಿದ್ದ ನಾ ಒಮ್ಮೆನೂ ಕೇಳಿಲ್ಲ" ಅಂದನಂತೆ. ಅವನು ಸುಳ್ಳು ಹೇಳಿರಲಿಲ್ಲ. ಅವನು ಮೇಳ ಸೇರುವ ಹೊತ್ತಿಗೆ ಲಕ್ಷ್ಮಪ್ಪನಿಗೆ ದಮ್ಮು ಹತ್ತಿ, ಉದ್ದದ ಭಾಗಗಳನ್ನೆಲ್ಲ ಬಿಟ್ಟುಬಿಟ್ಟಿದ್ದ.

"ಅವಾಗ ನಾ ಏನಂದೆ ಗೊತ್ತೇನು? ಸೀಡಿಯೊಳಗ ಐತಿ, ಬರೂ ಅಮಾಸಿಗಿ ಕೇಳಸ್ತೇನಿ. ಕೇಳಸಲಿಲ್ಲಂದ್ರ ಇನ್ನ ಈ ಕಟ್ಟಿ ಮ್ಯಾಲ ಕುಂತು ಪದದ ಮಾತ ಎತ್ತಂಗಿಲ್ಲ ಅಂದೆ."

"ಸೀಡಿ ನೋಡದನ ಅಂದಿ?"

"ಹೂಂ. ಯಾಕ, ಅವ ಹಾಡಿದ್ದು ಖರೆ ಇದ್ದಮ್ಯಾಲ ಅದು ಅಲ್ಲಿ ಇರದ ಎಲ್ಲಿ ಹೋಗ್ತೈತಿ?"

ಇಂಥ ಧೈರ್ಯ ನನಗೆ ಯಾಕೆ ಬರಲಿಲ್ಲ ಎಂದು ಎಷ್ಟೋ ಸಲ ಅನಿಸಿದೆ. ಆದರೆ ಆವತ್ತು ಸೀಡಿ ನೋಡಿದವಳು ನಾನು. ಅದು ನಡೆದೀತೆಂಬ ನಂಬಿಕೆ ನನಗಿರಲಿಲ್ಲ.

ಬಕೆಟ್ಟಿನಲ್ಲಿ ನೀರು, ಒಂದು ಹನಿ ಸಾಬೂನು, ಹಳೇ ಮೆತ್ತನೆ ಬಟ್ಟೆ. ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸುತ್ತಾ ಹೋದೆ. ಸುತ್ತ ತಿಕ್ಕಿದರೆ ಸೀಡಿ ಇನ್ನಷ್ಟು ಕೆಡುತ್ತದೆ. ಹಳದಿ ನೀರನ್ನು ಗಟಾರಕ್ಕೆ ಚೆಲ್ಲಲು ಹೋದಾಗ ರಂಗವ್ವ ಬಕೆಟ್ಟು ಕಸಿದುಕೊಂಡಳು. ಭಂಡಾರ ತುಳಿದಾಡುವ ಜಾಗಕ್ಕೆ ಹೋಗಬಾರದಂತೆ. ರಸ್ತೆ ದಾಟಿ ಬೇವಿನ ಗಿಡದ ಬುಡಕ್ಕೆ ಸುರಿದು ಬಂದಳು.

ಕಂಪ್ಯೂಟರು ಸ್ವಲ್ಪ ಹೊತ್ತು ಗುರುಗುಟ್ಟಿ, ಆಮೇಲೆ ಲಕ್ಷ್ಮಪ್ಪನನ್ನು ತೋರಿಸಿತು. ಮನೆಯ ಅಂಗಳ, ಹೆಗಲ ಮೇಲೆ ಕಂಬಳಿ, ತಲೆಗೆ ಕೆಂಪು ರುಮಾಲು, ಕೊರಳಲ್ಲಿ ಡೊಳ್ಳು. ರಂಗವ್ವ ಪರದೆಗೆ ಮೂಗು ತಾಗುವಷ್ಟು ಬಗ್ಗಿದಳು. "ರುಮಾಲು ಸೊಟ್ಟ ಕಟ್ಯಾನ" ಎಂದಳು. ದನಿ ಮಾತ್ರ ಸ್ವಲ್ಪ ಒದ್ದೆಯಾಗಿತ್ತು.

ಬೀರಪ್ಪ ಹುಟ್ಟಿದ. ಡೊಳ್ಳಿನ ಗತ್ತು ಬದಲಾಯಿತು. ಲಕ್ಷ್ಮಪ್ಪ ಉಸಿರು ಎಳೆದುಕೊಂಡು ಬಾಯಿ ತೆರೆದ. ಅಲ್ಲಿಗೆ ನಿಂತಿತು. ಚಿತ್ರ ಚೂರು ಚೂರಾಗಿ, ಕಂಪ್ಯೂಟರು ಕರಕರ ಅಂದು ಸುಮ್ಮನಾಯಿತು. ಎಷ್ಟು ಸಲ ಹಚ್ಚಿದರೂ ಅಲ್ಲೇ, ಅದೇ ತೆರೆದ ಬಾಯಿ.

"ನನ್ನ ಮಷೀನು ಹಳೇದು ಆಯಿ. ಇದಕ್ಕಿಂತ ಹೆಚ್ಚಿಗಿ ತಿಕ್ಕಿದರ ಇದ್ದದ್ದೂ ಹೋಗ್ತೈತಿ. ಬಾಗಲಕೋಟಿ ನವನಗರದಾಗ ನಮ್ಮ ಸೋದರಮಾವ ಮುರ್ತುಜಸಾಬ ಅದಾನ. ಮೊದಲ ಮದಿವಿ ವಿಡಿಯೋ ಮಾಡತಿದ್ದ. ಅವನ ಕಡೆ ಛಲೋ ಮಷೀನ್ ಅದಾವು. ಅಲ್ಲಿಗೆ ಒಯ್ಯೂಣು."

"ನಡಿ ಹಂಗಾರ" ಎಂದು ಅವಳು ಸೀಡಿಯನ್ನು ಮತ್ತೆ ಕಂಬಳಿಯಲ್ಲಿ ಸುತ್ತತೊಡಗಿದಳು.

ನಾನು ಕಿರುಚಿದೆ. ಬಜಾರದ ಮಂದಿ ತಿರುಗಿ ನೋಡುವಷ್ಟು ಜೋರಾಗಿ. "ಇಟ್ಟಬಿಡು! ಅದೇ ಕಂಬಳಿ ಅದನ್ನ ತಿಂದೈತಿ. ಇನ್ನೊಂದು ಗೀರು ಬಿದ್ರ ಮುಗೀತು!"

ಅವಳು ಕೈ ನಿಲ್ಲಿಸಿದಳು. ಕಂಬಳಿ ತಿಂದಿತು ಎಂಬ ಮಾತು ಅವಳಿಗೆ ನಾಟಿತ್ತು. ಸೀಡಿಯನ್ನು ಬೆಳಕಿಗೆ ಹಿಡಿದು ಗೀರುಗಳನ್ನು ನೋಡಿದಳು. ಕಂಬಳಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು.

ಸೀಡಿ ಇಡುವ ಹಾಳೆಯ ಪಾಕೀಟು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ನಾನೇ ಮಾಡುತ್ತೇನೆಂದು ಝೆರಾಕ್ಸ್ ಹಾಳೆ ತೆಗೆದು, ಮಡಚಿ, ಮೂರು ಕಡೆ ಸ್ಟ್ಯಾಪ್ಲರ್ ಪಿನ್ನು ಹೊಡೆದೆ. ನನಗೆ ಚೆನ್ನಾಗಿಯೇ ಕಂಡಿತು. ರಂಗವ್ವ ಅದನ್ನು ಎರಡು ಬೆರಳಲ್ಲಿ ಸತ್ತ ಇಲಿ ಎತ್ತಿದಂತೆ ಎತ್ತಿದಳು.

"ಕಂಬಳಿಗಿ ಬೈದಿ. ನೀ ಮೊಳಿ ಹೊಡದೀಯಲ್ಲ! ಸೀರಿಗಿ ಯಾರರ ಪಿನ್ ಹಚ್ಚತಾರೇನ? ಸರಿ ಅತ್ತಾಗ."

ಸೀರೆ ಅಂಗಡಿಗೆ ಹೋಗಿ, ಹೊಸ ಸೀರೆಯ ಸೆರಗಿನ ನಡುವೆ ಇಡುವ ನುಣುಪಾದ ಬಿಳಿ ಹಾಳೆ ತಂದಳು. ಜರಿ ಜರಿಗೆ ತಿಕ್ಕಿ ಎಳೆ ಏಳಬಾರದೆಂದು ಇಡುವ ಹಾಳೆ ಅದು. ಒಳ್ಳೆಯ ಆಯ್ಕೆ ಎಂದು ನಾನು ಬಾಯಿಬಿಟ್ಟು ಹೇಳಲಿಲ್ಲ, ಹೇಳಿದ್ದರೆ ಅವಳನ್ನು ಹಿಡಿಯುವವರಿರಲಿಲ್ಲ. ನೆಲದ ಮೇಲೆ ಹಾಳೆ ಹಾಸಿ, ನಡುವೆ ಸೀಡಿ ಇಟ್ಟು, ಎರಡೂ ಮಗ್ಗುಲು ಒಳಗೆ ಮಡಚಿ, ಬುಡ ಮೇಲಕ್ಕೆ ತಂದು, ಲೋಟದಿಂದ ಗೆರೆ ತೀಡಿದಳು. ಬಿಗಿಯಾಗಿ, ಸುಕ್ಕಿಲ್ಲದೆ ಕೂತಿತು. ಆದರೆ ಸೀಡಿ ಹೊರಗೆ ತೆಗೆಯಲು ಹೋದರೆ ಬರಲಿಲ್ಲ. ಎಳೆದಾಗ ಹಾಳೆ ಹರಿಯಿತು.

"ಬಿಗಿ ಆತು ಆಯಿ."

"ಘಡಿ ಅಂದ್ರ ಬಿಗೀನ ಇರಬೇಕು."

"ಸೀರಿ ಬಿಚ್ಚಿ ತೆಗಿತಾರ. ಇದನ್ನ ಜಾರಿಸಿ ತೆಗೀಬೇಕು. ಬಳಿ ಇದ್ದಂಗ. ಕೈಗಿ ಹತ್ತಿ ಕುಂತ ಬಳಿ ತೆಗಿಯಾಕ ಹೋದರ ಒಡಿತೈತಿಲ್ಲ?"

ಬಳೆಯ ಮಾತು ಅವಳಿಗೆ ಹಿಡಿಸಿತು. ಹೊಸ ಹಾಳೆ ತಂದು, ಈ ಸಲ ಸೀಡಿಯ ಸುತ್ತ ಒಂದು ಬೆರಳು ಸಡಿಲ ಬಿಟ್ಟಳು. ಮಗ್ಗುಲುಗಳು ಒಂದರ ಮೇಲೊಂದು ಬಂದವು. ಬುಡದ ಎರಡು ಮೂಲೆಗಳನ್ನು ಚೂಪಾಗಿ ಒಳಗೆ ತಳ್ಳಿ ಒಂದರೊಳಗೊಂದು ಸಿಕ್ಕಿಸಿದಳು. ಮೇಲಿನ ತುದಿಯನ್ನು ನಾಲಿಗೆಯಂತೆ ಇಳಿಸಿ, ಮಡಿಕೆಯ ಒಳಗೆ ತೂರಿಸಿದಳು. ಅಂಟಿಲ್ಲ, ಪಿನ್ನಿಲ್ಲ. ತಲೆಕೆಳಗೆ ಮಾಡಿ ಅಲುಗಾಡಿಸಿದೆ, ಸೀಡಿ ಬೀಳಲಿಲ್ಲ. ನಾಲಿಗೆ ತೆಗೆದು ಓರೆ ಮಾಡಿದೆ, ಅಂಗೈಗೆ ತಾನೇ ಜಾರಿ ಬಂತು.

ಎಡಗಡೆ ಬುಡದಲ್ಲಿ ಅವಳು ನನ್ನ ಕೈಯಿಂದ "ಲಕ್ಷ್ಮಪ್ಪ" ಎಂದು ಬರೆಸಿದಳು. ಬರೆಯುವ ಮೊದಲು ಸೀಡಿ ಹೊರಗಿಡಬೇಕು, ಪೆನ್ನಿನ ಒತ್ತಿಗೂ ಅದಕ್ಕೆ ಗೀರು ಬೀಳುತ್ತದೆ ಎಂದು ನಾನು ಕಲಿಸಿದೆ. ಅವಳು ತಲೆಯಾಡಿಸಿದಳು. ನನ್ನಿಂದ ಅವಳು ಕಲಿತದ್ದು ಇದೊಂದೇ ಇರಬೇಕು.

ಮರುದಿನ ಬಾಗಲಕೋಟೆಯ ಬಸ್ಸಿಗೆ ಮಾಳಿಂಗರಾಯನೂ ಬಂದ. ಟಂಟಂ ಮನೆಯಲ್ಲಿ ನಿಲ್ಲಿಸಿ ಬಂದಿದ್ದ. "ದೊಡ್ಡವ್ವ ಏನರ ಮಾಡಿ ತಂದು ತೋರಸ್ತಾಳ ಅಂತ ಅಲ್ರಿ. ನನ್ನ ಕಿವೀಲೆ ಕೇಳಿದ್ರ ನನಗ ಸಮಾಧಾನ" ಎಂದು ನನಗೆ ಹೇಳಿದ. ಪ್ರಾಮಾಣಿಕನಂತೆ ಕಂಡ. ಕಾರ್ಯಕ್ರಮಗಳಿಗೆ ಕರೆದವರು ಹತ್ತೇ ನಿಮಿಷ ಕೊಡುತ್ತಾರೆ, ಉದ್ದ ಹಾಡಿದರೆ ಮೈಕು ಕಸಿದುಕೊಳ್ಳುತ್ತಾರೆ ಎಂದು ತನ್ನ ಕಷ್ಟವನ್ನೂ ಹೇಳಿಕೊಂಡ.

"ಮೈಕ ಕಸ್ಕೊಂಡ್ರ ಡೊಳ್ಳ ಕಸ್ಕೋತಾರೇನಲೇ? ಬಾರಿಸು" ಎಂದಳು ರಂಗವ್ವ, ಕಿಟಕಿಯಿಂದ ಮುಖ ತಿರುಗಿಸದೆ.

ಪಾಕೀಟು ಅವಳ ಮಡಿಲಲ್ಲಿತ್ತು. ಹುನಗುಂದ ದಾಟಿತು. ಅಮೀನಗಡದ ಹತ್ತಿರ ರಸ್ತೆಗೆ ಆಡಿನ ಹಿಂಡು ಅಡ್ಡ ಬಂದು ಡ್ರೈವರ್ ಗಕ್ಕನೆ ಬ್ರೇಕ್ ಹಾಕಿದ. ಎಲ್ಲರೂ ಮುಂದಕ್ಕೆ ಮುಗ್ಗರಿಸಿದೆವು. ಪಾಕೀಟು ಮಡಿಲಿನಿಂದ ಹಾರಿ ಬಸ್ಸಿನ ನೆಲಕ್ಕೆ ಬಿದ್ದು, ಉಸುಕಿನ ಮೇಲೆ ಸರಕ್ಕನೆ ಜಾರಿ ಮುಂದಿನ ಸೀಟಿನ ಕೆಳಗೆ ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುವುದು ಇದಕ್ಕೇ.

ಅದನ್ನು ಎತ್ತಿಕೊಂಡು ಬಂದವನು ಮಾಳಿಂಗರಾಯ. ಹಾಳೆಯ ಒಂದು ಮಗ್ಗುಲು ಉಜ್ಜಿ ಕಪ್ಪಾಗಿತ್ತು. ರಂಗವ್ವ ನಾಲಿಗೆ ಬಿಚ್ಚಿ ಸೀಡಿಯನ್ನು ಅಂಚಿನಲ್ಲಿ ಹಿಡಿದು ಬೆಳಕಿಗೆ ನೋಡಿದಳು. ನಾನೂ ನೋಡಿದೆ. ಹಳೆಯ ಗೀರುಗಳು ಇದ್ದವು, ಹೊಸದು ಒಂದೂ ಇರಲಿಲ್ಲ. ಉಸುಕನ್ನೆಲ್ಲ ಹಾಳೆ ತನ್ನ ಮೈಮೇಲೆ ತೆಗೆದುಕೊಂಡಿತ್ತು.

"ಘಡಿ ಯಾರದು?" ಎಂದಳು ರಂಗವ್ವ, ನಮ್ಮಿಬ್ಬರನ್ನೂ ನೋಡಿ. ಪಾಕೀಟನ್ನು ಮತ್ತೆ ಮಡಿಲಿಗೆ ಸೇರಿಸಿದಳು.

ನವನಗರದ ಮಾಮಾನ ಅಂಗಡಿಯಲ್ಲಿ ಹಳೇ ಕ್ಯಾಮೆರಾ, ವೈರು, ಮೂಲೆಯಲ್ಲಿ ಧೂಳು ಹಿಡಿದ ಮಷೀನುಗಳು. ಅವನು ಸೀಡಿಯ ಮೈ ನೋಡಿ ನಾಲಿಗೆ ಲೊಚಗುಟ್ಟಿದ. "ನಿಧಾನ ಓದೂ ಮಷೀನಿಗಿ ಹಾಕೂಣು. ಬಂದ್ರ ಬಂತು. ಬರೂಮುಂದ ಹಂಗ ಕಾಪಿ ಮಾಡ್ಕೋತೇನಿ" ಎಂದ. ರಂಗವ್ವ ಖಾಲಿ ಪಾಕೀಟನ್ನು ತೊಡೆಯ ಮೇಲೆ ಇಟ್ಟುಕೊಂಡು ಅಂಗೈಯಿಂದ ನೀವುತ್ತಿದ್ದಳು.

ಅಂಗಳ ಬಂತು, ಸೊಟ್ಟ ರುಮಾಲು ಬಂತು, ಬೀರಪ್ಪ ಹುಟ್ಟಿದ. ಡೊಳ್ಳಿನ ಗತ್ತು ಬದಲಾಯಿತು. ಲಕ್ಷ್ಮಪ್ಪ ಬಾಯಿ ತೆರೆದ. ಚಿತ್ರ ಒಮ್ಮೆ ಒಡೆಯಿತು. ನಾನು ಕಣ್ಣು ಮುಚ್ಚಿದೆ. ಆಮೇಲೆ ದನಿ ಬಂತು.

"ತಮ್ಮಗ ಹಾಲಿಲ್ಲಂತ ಅಕ್ಕ ಅಡವೀಗಿ ಹೋದಾಳ..."

ಮಾಳಿಂಗರಾಯ ಕೂತಲ್ಲಿಂದ ಎದ್ದು ನಿಂತ. ಹಿಂದೆ ಡೊಳ್ಳಿನ ಜೊತೆಗೆ ಇನ್ನೊಂದು ಸದ್ದು ಕೇಳುತ್ತಿತ್ತು, ತಪ್ ತಪ್, ತಪ್ ತಪ್. "ಅದೇನ್ ಗತ್ತು?" ಎಂದು ಅವನು ತನಗೇ ಕೇಳಿಕೊಂಡ.

"ಗತ್ತಲ್ಲ, ರೊಟ್ಟಿ. ನಾ ಒಳಗ ರೊಟ್ಟಿ ಬಡಿಯಾಕತ್ತಿದ್ದೆ" ಎಂದಳು ರಂಗವ್ವ.

ಲಕ್ಷ್ಮಪ್ಪ ಅದೇ ಸಾಲನ್ನು ಇನ್ನೊಮ್ಮೆ ಹಾಡಿದ. ಮತ್ತೊಮ್ಮೆ ಹಾಡಿದ. ಮುಂದಿನದು ಬರಲಿಲ್ಲ. ಡೊಳ್ಳು ಸುಮ್ಮನೆ ಬಡಿದುಕೊಳ್ಳುತ್ತಿತ್ತು, ಅವನ ಕಣ್ಣು ಅತ್ತಿತ್ತ ಹುಡುಕುತ್ತಿತ್ತು. ರೊಟ್ಟಿಯ ಸದ್ದು ನಿಂತಿತು. ಒಳಗಿನಿಂದ ಒಂದು ಹೆಣ್ಣುದನಿ, ಸಿಡಿಮಿಡಿಗೊಂಡು, ಆದರೆ ರಾಗ ತಪ್ಪದೆ ಬಂತು.

"ಈದ ಕುರಿಯ ಮುಂದ ಸೆರಗ ಹಾಸ್ಯಾಳ!"

"ಹಾಂ, ಆತ ಆತ" ಎಂದು ಲಕ್ಷ್ಮಪ್ಪ ನಕ್ಕ. ಕ್ಯಾಮೆರಾ ಹಿಡಿದವನು, "ಯಾರ್ರಿ ಅದು?" ಎಂದು ಕೇಳಿದ್ದೂ ಕೇಳಿಸಿತು.

"ಅಕಿ ನಮ್ಮ ಮಾಸ್ತರ್ರಿ" ಎಂದ ಲಕ್ಷ್ಮಪ್ಪ. "ಈ ಪದ ನನಗ ಅಕೀನ ಕಲಿಸಿದ್ದು." ಹೇಳಿ, ಡೊಳ್ಳಿನ ಮೇಲೆ ಕೈ ಎತ್ತಿ, ಸೆರಗು ಹಾಸಿದ ಅಕ್ಕನನ್ನು ಮುಂದಕ್ಕೆ ನಡೆಸಿಕೊಂಡು ಹೋದ. ಪದ ಪೂರ್ತಿ ಮುಗಿಯಿತು. ಒಂದು ಕಡೆಯೂ ನಿಲ್ಲಲಿಲ್ಲ.

ರಂಗವ್ವ ಗಂಡನನ್ನಲ್ಲ, ಪರದೆಯ ಅಂಚಿನಲ್ಲಿ ಕಾಣುತ್ತಿದ್ದ ತನ್ನ ಮನೆಯ ಬಾಗಿಲನ್ನು ನೋಡುತ್ತಿದ್ದಳು. ಚಿತ್ರದಲ್ಲಿ ಅವಳು ಎಲ್ಲೂ ಇರಲಿಲ್ಲ, ದನಿ ಮಾತ್ರ ಇತ್ತು. ಕಣ್ಣಿಂದ ನೀರು ಇಳಿದು ಗಲ್ಲದ ತನಕ ಬಂದಿತ್ತು, ಒರೆಸಿಕೊಳ್ಳಲಿಲ್ಲ.

"ನನ್ನ ಮುಂದ ಒಮ್ಮೆನೂ ಅಂದಿರಲಿಲ್ಲ ಹಂಗ" ಎಂದಳು ಕೊನೆಗೆ. "ಪ್ಯಾಟಿಯವನ ಮುಂದ ಅಂದಾನ. ಮಬ್ಬ."

ಮಾಮಾ ಕಾಪಿಯನ್ನು ಪೆನ್ ಡ್ರೈವಿಗೆ ಹಾಕುತ್ತಾ, "ಹಿತ್ತಲ ಗಿಡ ಮದ್ದಲ್ಲ ನೋಡಪಾ ತಮ್ಮಾ" ಎಂದು ಮಾಳಿಂಗರಾಯನ ಬೆನ್ನು ತಟ್ಟಿದ. ಮಾಳಿಂಗರಾಯ ತಲೆ ತಗ್ಗಿಸಿಕೊಂಡೇ ಸೀಡಿಯನ್ನು ಮಷೀನಿನಿಂದ ತೆಗೆಸಿ, ಅಂಚು ಹಿಡಿದು ಪಾಕೀಟಿಗೆ ಜಾರಿಸಿದ. "ದೊಡ್ಡವ್ವ, ನಾಳಿಂದ ನೀ ನಮಗ ಕಲಸ್ತಿ?" ಎಂದು ಕೇಳಿದ.

"ನಾಳಿಂದ ಯಾಕ? ಬಸ್ಸಿನ್ಯಾಗ ಏನ್ ಮಾಡವ ನೀ?"

ಹಾಗೆ, ಬಾಗಲಕೋಟೆಯಿಂದ ಇಳಕಲ್ಲಿನ ತನಕ ಬಸ್ಸಿನ ಜನರೆಲ್ಲ ಬೀರಪ್ಪನ ಅಕ್ಕನ ಪದ ಕೇಳಬೇಕಾಯಿತು. ಅವನು ಸೀಟಿನ ಕಬ್ಬಿಣದ ಮೇಲೆ ಗತ್ತು ಹಾಕುತ್ತಿದ್ದ, ತಪ್ಪಿದಾಗ ಅವಳು ಅವನ ಬೆರಳಿಗೆ ಹೊಡೆಯುತ್ತಿದ್ದಳು. ಕಂಡಕ್ಟರ್ ಒಂದೆರಡು ಸಲ ತಿರುಗಿ ನೋಡಿ, ಆಮೇಲೆ ತಾನೂ ತಲೆದೂಗತೊಡಗಿದ.

ಅಮವಾಸ್ಯೆಯ ದಿನ ನಾನು ಅಂಗಡಿ ಮುಚ್ಚಿ ಗುಡೂರಿಗೆ ಹೋದೆ. ಮಧ್ಯಾಹ್ನ ಗುಡಿಯ ಮುಂದೆ ಮೇಳ ಕೂಡಿತು. ರಂಗವ್ವ ಕಟ್ಟೆಯ ಮೇಲೆ, ತನ್ನ ಜಾಗದಲ್ಲಿಯೇ ಕೂತಿದ್ದಳು. ಬೀರಪ್ಪ ಹುಟ್ಟಿದ ಮೇಲೆ ಮಾಳಿಂಗರಾಯ ಡೊಳ್ಳು ತಗ್ಗಿಸಿ ಅವಳ ಕಡೆ ನೋಡಿದ. ಮೊದಲ ಸಾಲು ಅವಳೇ ಎತ್ತಿಕೊಟ್ಟಳು. ಹಿರಿಯರೊಬ್ಬರು, "ಲಕ್ಷ್ಮಪ್ಪ ಹಿಂಗ ಹಾಡತಿದ್ದ, ಖರೆ ಐತಿ" ಎಂದು ಪಕ್ಕದವರಿಗೆ ಹೇಳುತ್ತಿದ್ದರು. ಹೋದ ತಿಂಗಳು ಅವರ ಬಾಯಿಗೆ ಏನಾಗಿತ್ತೋ.

ಪದ ಮುಗಿಸಿ ಎಲ್ಲರೂ ಅವಳ ಮನೆಗೆ ಬಂದರು. ಜಗಲಿಯ ಮೇಲೆ ದೇವರ ಪಕ್ಕ ಕಂಬಳಿಯ ಹಾಸಿಗೆ ಸಿದ್ಧವಾಗಿತ್ತು. ಈಗ ಹಾಸಬಹುದು, ನಡುವೆ ಹಾಳೆ ಇದೆಯಲ್ಲ. ರಂಗವ್ವ ಬಸ್ಸಿನ ಉಸುಕಿಗೆ ಕಪ್ಪಾದ ಪಾಕೀಟು ಬಿಸಾಕಿ, ಹೊಸದೊಂದನ್ನು ಮಡಚಿಟ್ಟಿದ್ದಳು. ಬಲಗೈ ಮುಷ್ಟಿಯಲ್ಲಿ ಭಂಡಾರ ಹಿಡಿದು ನಿಂತು, ನನ್ನ ಕಡೆ ಓರೆಗಣ್ಣಿನಲ್ಲಿ ನೋಡಿದಳು.

"ಈ ಹಾಳಿ ಅಂಗಿ ಮ್ಯಾಲ ಹಚ್ಚಿದ್ರ ನಡಿತೈತಿಲ್ಲ?"

"ಬೇಕಾದಷ್ಟು ಹಚ್ಚು ಆಯಿ."

"ತಡೀರಿ" ಎಂದ ಮಾಳಿಂಗರಾಯ. ಪಾಕೀಟಿನ ನಾಲಿಗೆ ಬಿಚ್ಚಿ, ಸೀಡಿಯನ್ನು ಅಂಚು ಹಿಡಿದು ಹೊರಗೆ ತೆಗೆದು ನನ್ನ ಕೈಗೆ ಕೊಟ್ಟ. ಖಾಲಿ ಹಾಳೆಯನ್ನು ಗೋಡೆಗೆ ಒತ್ತಿ ಹಿಡಿದು, ಜೇಬಿನ ಪೆನ್ನಿನಿಂದ ಲಕ್ಷ್ಮಪ್ಪನ ಹೆಸರು ಬರೆದ. ಅದರ ಕೆಳಗೆ ಇನ್ನೊಂದು ಸಾಲು ಬರೆದ.

"ಏನ್ ಬರದಿ? ಓದು. ನನಗ ಚಸ್ಮಾ ಇಲ್ಲ."

"ಹಾಡಿದವ ಲಕ್ಷ್ಮಪ್ಪ. ಮಾಸ್ತರು ರಂಗವ್ವ."

ರಂಗವ್ವ ಹಾಳೆಯನ್ನು ಎಡಗೈಯಲ್ಲಿ ಇಸಿದುಕೊಂಡು, ದೂರ ಹಿಡಿದು, ಹತ್ತಿರ ತಂದು, ಮತ್ತೆ ದೂರ ಹಿಡಿದು ನೋಡಿದಳು.

"ಅಕ್ಷರ ಸಣ್ಣವಾದುವು" ಎಂದಳು. "ದೊಡ್ಡಾವು ಬರಿ. ಬಾಗಲದಾಗ ನಿಂತವ್ರಿಗೂ ಕಾಣಬೇಕು."

ಮಾಳಿಂಗರಾಯ ಹಾಳೆ ತಿರುಗಿಸಿ ಹಿಂಬದಿಯಲ್ಲಿ ಮತ್ತೆ ಬರೆಯತೊಡಗಿದ. ಅವಳು ಭಂಡಾರದ ಮುಷ್ಟಿ ಬಿಗಿಹಿಡಿದು, ಅವನು ಬರೆದು ಮುಗಿಸುವ ತನಕ ಪಕ್ಕದಲ್ಲೇ ನಿಂತಿದ್ದಳು.